ಎಳ್ಳಿನ ಪದರ

ದೂಳಮ್ಮನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ವಾಕ್ಯ ಚಿಕ್ಕದಾಗುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಇದನ್ನು ಬಲ್ಲವರು ಕಡಿಮೆ. ಉಳಿದವರ ಪಾಲಿಗೆ ಆಕೆ ಸಸ್ಯವಿಜ್ಞಾನ ವಿಭಾಗದ ಕೊನೆಯ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುವ, ಯಾರ ತಂಟೆಗೂ ಹೋಗದ ಹೆಂಗಸು. ಹಳೆಯ ಮಣ್ಣಿನಲ್ಲಿ ಉಳಿದುಕೊಂಡ ಹೂವಿನ ಪರಾಗವನ್ನು ಹುಡುಕಿ ಎಣಿಸುವುದು ಆಕೆಯ ಕಸುಬು. ಕೋಣೆ ಗುಡಿಸಲು ಬಂದವಳೊಬ್ಬಳು ಒಮ್ಮೆ, "ಜಗತ್ತೆಲ್ಲ ದೂಳು ಹೊರಗೆ ಹಾಕಿದರೆ ಈಯಮ್ಮ ಡಬ್ಬಿ ತುಂಬಿ ಒಳಗೆ ತರ್ತಾರೆ" ಎಂದಿದ್ದೇ ತಡ, ಹೆಸರು ಅಂಟಿಕೊಂಡಿತು. ಆಕೆಗೂ ಅದು ಬೇಸರವಾಗಲಿಲ್ಲ. ಸುಳ್ಳೇನೂ ಅಲ್ಲವಲ್ಲ.

ಆಕೆಯ ಅಕ್ಕ ಹಲ್ಲಿನ ಡಾಕ್ಟರು. ಅಕ್ಕನ ಗಂಡ, ಅಂದರೆ ಭಾವ, ಅದೇ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕ. ಎತ್ತರದ ಆಳು, ಬೆಣ್ಣೆಯಂಥ ಮಾತು. ಸಭೆಯಲ್ಲಿ ಎದ್ದು ನಿಂತರೆ ಕೆಳಗಿದ್ದವರಿಗೆ ತಮಗೂ ಇತಿಹಾಸ ಗೊತ್ತಿದೆ ಎನ್ನಿಸುವಂತೆ ಮಾತಾಡುತ್ತಿದ್ದರು. ದೂಳಮ್ಮನ ಸಿಟ್ಟು ಈ ಭಾವನ ಮೇಲೆ. ಅದು ನಿನ್ನೆ ಮೊನ್ನೆಯದಲ್ಲ.

ಊರಾಚೆ ಒಂದು ಬತ್ತಿದ ಕೆರೆ, ಅದರ ದಂಡೆಯಲ್ಲಿ ಹಾಳುಬಿದ್ದ ಒಂದು ಪುರಾತನ ಪಟ್ಟಣದ ದಿಬ್ಬ. ಆ ಪಟ್ಟಣದ ಜನ ಏನು ಬೆಳೆದು ಬದುಕಿದರು ಎಂಬುದು ಭಾವ ಹಿಡಿದುಕೊಂಡಿದ್ದ ಪ್ರಶ್ನೆ. ಕೆರೆಯ ಅಂಚಿನಲ್ಲಿ ಆಳೆತ್ತರದ ಗುಂಡಿ ತೋಡಿಸಿದರು. ಅನುದಾನ ನಡುವೆ ನಿಂತು, ಗುಂಡಿ ಒಂದು ಬೇಸಿಗೆಯಿಡೀ ಬಾಯಿ ತೆರೆದುಕೊಂಡು ಬಿದ್ದಿತ್ತು. ಅನುದಾನ ಮತ್ತೆ ಬಂದಾಗ ಭಾವನಿಗೆ ನಾದಿನಿಯ ನೆನಪಾಯಿತು. ಕೆರೆಯ ಕೆಸರಲ್ಲಿ ಪರಾಗ ಸಾವಿರಾರು ವರ್ಷ ಕೊಳೆಯದೆ ಉಳಿಯುತ್ತದೆ. ಒಂದೊಂದು ಗಿಡದ್ದು ಒಂದೊಂದು ಆಕಾರ. ಯಾವ ಪದರದಲ್ಲಿ ಯಾವ ಪರಾಗ ಎಷ್ಟಿದೆ ಎಂದು ಎಣಿಸಿದರೆ ಆ ಕಾಲದಲ್ಲಿ ಸುತ್ತ ಏನು ಬೆಳೆದಿತ್ತು ಎಂದು ಹೇಳಬಹುದು.

ಗುಂಡಿಗೆ ಇಳಿದವಳು ದೂಳಮ್ಮ. ಬಿಸಿಲಿಗೆ ಒಣಗಿದ ಗೋಡೆಯನ್ನು ಕರಣೆಯಿಂದ ನಾಲ್ಕು ಬೆರಳಿನಷ್ಟು ಕೆರೆದು, ಒಳಗಿನ ಹಸಿ ಮಣ್ಣು ಕಂಡ ಮೇಲೆ ಪದರಕ್ಕೊಂದರಂತೆ ಡಬ್ಬಿ ತುಂಬಿದಳು. ಇದು ಆ ಕಸುಬಿನ ಮೊದಲ ಪಾಠ. ಹೊರಮೈ ಗಾಳಿ ಕುಡಿದಿರುತ್ತದೆ, ಅದನ್ನು ನಂಬಬಾರದು. ಭಾವ ಗುಂಡಿಯ ಅಂಚಿನಲ್ಲಿ ಟೋಪಿ ಹಾಕಿ ನಿಂತು, ನೋಡಲು ಬಂದವರಿಗೆ ಪಟ್ಟಣದ ವೈಭವ ವಿವರಿಸುತ್ತಿದ್ದರು. ಆಮೇಲೆ ಆ ಮಣ್ಣನ್ನು ಆಮ್ಲದಲ್ಲಿ ಕುದಿಸಿ, ಸೋಸಿ, ಗಾಜಿನ ಮೇಲೆ ಹರಡಿ, ತಿಂಗಳುಗಟ್ಟಲೆ ಕಣ್ಣು ಸೋಲುವವರೆಗೆ ಎಣಿಸಿದವಳೂ ಅವಳೇ. ಕೆಳಗಿನ ಒಂದು ಮರಳುಮಿಶ್ರಿತ ಮೆದು ಪದರದಲ್ಲಿ ಎಳ್ಳಿನ ಪರಾಗ ರಾಶಿ ಸಿಕ್ಕಿತು. ಸಿಪ್ಪೆ ಬಿಡಿಸಿದ ಕಿತ್ತಳೆಯ ಹಾಗೆ ತೊಳೆ ತೊಳೆಯಾಗಿ ಕಾಣುವ ಆ ಪರಾಗವನ್ನು ಬೇರೆ ಯಾವುದಕ್ಕೂ ತಪ್ಪಿ ತಿಳಿಯುವಂತಿಲ್ಲ. ಅಷ್ಟು ಹಳೆಯ ಕಾಲಕ್ಕೆ ಆ ಸೀಮೆಯಲ್ಲಿ ಎಳ್ಳಿತ್ತೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಸುದ್ದಿ ಹೇಳಿದಾಗ ಭಾವ ಆಕೆಯ ಎರಡೂ ಕೈ ಹಿಡಿದುಕೊಂಡರು. ಅಕ್ಕ ಊಟಕ್ಕೆ ಕರೆದಳು.

ಲೇಖನ ಅಚ್ಚಾಗಿ ಬಂದಾಗ ಅದರಲ್ಲಿ ಇದ್ದದ್ದು ಒಂದೇ ಹೆಸರು. "ಗೋಡೆಯನ್ನು ಲೇಖಕನೇ ಸ್ವತಃ ಕೆರೆದು ಶುದ್ಧಗೊಳಿಸಿ ಮಾದರಿಗಳನ್ನು ತೆಗೆದ, ಪರಾಗದ ಎಣಿಕೆಯನ್ನೂ ಲೇಖಕನೇ ನಡೆಸಿದ" ಎಂದು ನಡುವೆ ಒಂದು ಸಾಲು. ಕೊನೆಯ ಪುಟದ ಕೆಳಗೆ, ಚಾಲಕನಿಗೂ ಕಾವಲುಗಾರನಿಗೂ ಕೃತಜ್ಞತೆ ಹೇಳಿದ ಮೇಲೆ ಇನ್ನೊಂದು: "ಪ್ರಯೋಗಾಲಯದಲ್ಲಿ ನೆರವಾದ ನನ್ನ ನಾದಿನಿಗೂ."

ಆಕೆ ಹೋಗಿ ಕೇಳಿದಳು. ಭಾವ ಕುರ್ಚಿ ಎಳೆದು ಕೂರಿಸಿ, ಇತಿಹಾಸದವರ ಪತ್ರಿಕೆಯಲ್ಲಿ ಒಬ್ಬರ ಹೆಸರೇ ವಾಡಿಕೆ ಎಂದರು. ಮುಂದಿನದರಲ್ಲಿ ನೋಡೋಣ ಎಂದರು. ಕಡೆಗೆ, ನಗುತ್ತಲೇ, "ಮನೆಯೊಳಗೆ ಹೆಸರು ಹಂಚ್ಕೊಳ್ಳೋದು ಯಾಕಮ್ಮಾ? ನಿಂದು ಬೇರೆ ನಂದು ಬೇರೆನಾ?" ಎಂದರು. ಆಗ ದೂಳಮ್ಮನ ವಾಕ್ಯ ಚಿಕ್ಕದಾಯಿತು. "ಸರಿ ಭಾವ" ಎಂದು ಎದ್ದು ಬಂದಳು.

ಎಳ್ಳಿನ ಪದರ ಭಾವನ ಕೈ ಹಿಡಿದು ಮೇಲೆತ್ತಿತು. ಆ ಪಟ್ಟಣ ಬದುಕಿದ್ದು ಧಾನ್ಯದಿಂದಲ್ಲ, ಎಣ್ಣೆಯ ವ್ಯಾಪಾರದಿಂದ ಎಂಬ ವಾದ ಕಟ್ಟಿದರು. ವಾದ ಪುಸ್ತಕವಾಯಿತು, ಪುಸ್ತಕ ಪಠ್ಯವಾಯಿತು, ಅವರ ಹೆಸರಿಗೆ ಒಂದು ಪೀಠವೂ ಆಯಿತು. ಅತ್ತ ದೂಳಮ್ಮನ ಬಡ್ತಿಯ ಸಂದರ್ಶನದಲ್ಲಿ ಹೊರಗಿನಿಂದ ಬಂದ ಸದಸ್ಯನೊಬ್ಬ ಆ ಲೇಖನದ ಕೊನೆಯ ಪುಟ ತಿರುವಿ, "ಓ, ಆ ನಾದಿನಿ ನೀವೇನಾ" ಎಂದು ಕೇಳಿದ. ಮೇಜಿನ ಸುತ್ತ ಇದ್ದವರು ನಕ್ಕರು. ಕೆಟ್ಟ ನಗುವೇನಲ್ಲ, ಸಲಿಗೆಯ ನಗು. ಬಡ್ತಿ ಆಗಲಿಲ್ಲ. ಆ ನಗುವನ್ನು ಆಕೆ ಮನೆಗೆ ತಂದುಕೊಂಡಳು, ಆಮೇಲೆ ಅದು ಹೊರಗೆ ಹೋಗಲಿಲ್ಲ.

ಜಗಳ ತೆಗೆಯಬಹುದಿತ್ತು. ತೆಗೆದಿದ್ದರೆ ಅಕ್ಕ ನಡುವೆ ಸಿಕ್ಕಿ ನುಗ್ಗಾಗುತ್ತಿದ್ದಳು. ತಾಯಿ ತೀರಿದ ಮೇಲೆ ದೂಳಮ್ಮನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ಹಾಗಾಗಿ ರಜೆಯ ದಿನ ಅಕ್ಕನ ಮನೆಯ ಊಟ, ಭಾವನ ಜೋಕಿಗೆ ನಗು, ಹಬೆಯಾಡುವ ಕಾಫಿ, ಎಲ್ಲ ಹಿಂದಿನಂತೆಯೇ ನಡೆದುಕೊಂಡು ಬಂತು. ಬೂದಿ ಮುಚ್ಚಿದ ಕೆಂಡ ಎನ್ನುತ್ತಾರಲ್ಲ, ಹಾಗೆ. ಮೇಲೆ ಕೈಯಿಟ್ಟರೆ ಬೆಚ್ಚಗೆ ಹಿತವಾಗಿಯೇ ಇರುತ್ತದೆ.

ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೊಮ್ಮೆ ಸಂಶೋಧನಾ ಸಪ್ತಾಹ. ಹೊಸದಾಗಿ ಏನು ಕಂಡುಹಿಡಿದಿದ್ದೀರಿ ಎಂದು ಪ್ರತಿ ವಿಭಾಗವೂ ದೊಡ್ಡ ಸಭಾಂಗಣದಲ್ಲಿ ಮೇಜು ಹಾಕಿ ತೋರಿಸಬೇಕು. ಆ ವರ್ಷ ರಸಾಯನದವರು ಉಪ್ಪಿನಿಂದ ನಡೆಯುವ ಬ್ಯಾಟರಿ ಇಟ್ಟಿದ್ದರು. ಭಾಷಾವಿಭಾಗದವರು ಅಳಿಸಿಹೋದ ಶಾಸನಗಳನ್ನು ಓದುವ ಯಂತ್ರ ತಂದಿದ್ದರು. ಅದು ಕುಲಪತಿಯ ಕೈಬರಹವನ್ನೂ ಓದುತ್ತದೋ ನೋಡಿ ಎಂದು ಯಾರೋ ಚುಚ್ಚಿದರು. ಮನಶ್ಶಾಸ್ತ್ರದವರು ಜೋಗುಳ ಕೇಳುವ ಕೂಸುಗಳ ಮೆದುಳಿನ ಚಿತ್ರ ತೂಗುಹಾಕಿದ್ದರು. ದೂಳಮ್ಮನ ಪಕ್ಕದ ಮೇಜು ಕೀಟವಿಜ್ಞಾನದ ಹಿರಿಯ ಅಧ್ಯಾಪಕನದು. ಅವನನ್ನು ಎಲ್ಲರೂ ಹುಳುಮೇಷ್ಟ್ರು ಎನ್ನುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಜೀವಂತ ಏನಾದರೂ ಇರುತ್ತದೆಂದು ಅವನ ಪಕ್ಕ ಕೂರಲು ಜನ ಹೆದರುತ್ತಿದ್ದರು.

ಹುಳುಮೇಷ್ಟ್ರು ಗಾಜಿನ ಪೆಟ್ಟಿಗೆಯಲ್ಲಿ ಒಂದು ಮಣ್ಣಿನ ಹೆಂಟೆ ಇಟ್ಟಿದ್ದ. ಗೂಡು ಕಟ್ಟಿ ಹಿಂಡಾಗಿ ಬಾಳುವ ಜೇನಲ್ಲದೆ ಒಂಟಿಯಾಗಿ ಬಾಳುವ ಜೇನುಗಳೂ ಉಂಟು, ಇವು ಮಣ್ಣಿನ ಗೋಡೆಯಲ್ಲಿ ಗೇಣಿಗೂ ಹೆಚ್ಚು ಆಳ ಕೊರೆದು ಕೋಣೆ ಮಾಡುತ್ತವೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಕೋಣೆಯ ಒಳಗೆ ಪಾರದರ್ಶಕ ಪೊರೆ ಬಳಿಯುತ್ತವೆ, ಮರಿಗೆಂದು ಪರಾಗದ ಉಂಡೆ ಕಟ್ಟಿಡುತ್ತವೆ, ಬಾಯಿಗೆ ಅದೇ ಮಣ್ಣು ಮೆತ್ತಿ ಹೋಗುತ್ತವೆ. ಮೆದು ಮಣ್ಣು, ಬೋಳು ಗೋಡೆ, ಬಿಸಿಲು ಇದ್ದರೆ ಸಾಕು, ಬಾಡಿಗೆ ಕೇಳುವವರಿಲ್ಲ. ದೂಳಮ್ಮ ಬಿಡುವಿದ್ದುದಕ್ಕೆ ಎದ್ದು ಹೋಗಿ ಅವನ ಮಸೂರದಲ್ಲಿ ಕಣ್ಣಿಟ್ಟಳು.

ಆ ಪೊರೆಯನ್ನು ಆಕೆ ನೋಡಿದ್ದಳು. ಎಳ್ಳಿನ ಪದರದ ಮಣ್ಣಿನಲ್ಲಿ ಚೂರು ಚೂರಾಗಿ ಸಿಕ್ಕಿತ್ತು. ಕೊಳೆತ ಎಲೆಯ ಸಿಪ್ಪೆ ಎಂದು ತಾನೇ ಭಾವನಿಗೆ ಹೇಳಿದ್ದಳು, ಭಾವ ಹಾಗೆಯೇ ಬರೆದಿದ್ದರು.

ಹುಳುಮೇಷ್ಟ್ರು ಇನ್ನೂ ಏನೋ ಹೇಳುತ್ತಿದ್ದ. ಆಕೆ ತಲೆನೋವೆಂದು ಹೇಳಿ ಹೊರಟುಬಂದಳು.

ಉಳಿದ ಮಣ್ಣಿನ ಡಬ್ಬಿಗಳು ವಿಭಾಗದ ಶೀತಲಕೋಣೆಯಲ್ಲಿ ಇನ್ನೂ ಇದ್ದವು. ಆ ಪದರದ ಡಬ್ಬಿ ತೆಗೆದು, ಸೂಜಿಯ ಮೊನೆಯಿಂದ ಒಂದೊಂದೇ ಹರಳು ಬಿಡಿಸಿ ನೋಡಿದಳು. ಹೆಂಟೆಯೊಂದರ ಒಳಗೆ ಕೋಣೆಯ ಅರ್ಧ ಹಾಗೇ ಇತ್ತು. ಪೊರೆ, ಅದರೊಳಗೆ ಅಂಟಂಟಾದ ಉಂಡೆ, ಉಂಡೆಯ ತುಂಬ ಎಳ್ಳಿನ ಪರಾಗ. ಒಂದು ಚಿಟಿಕೆಯನ್ನು ದೂರದ ಬೇರೆ ಪ್ರಯೋಗಾಲಯಕ್ಕೆ ಕಾಲ ಪರೀಕ್ಷೆಗೆಂದು ಕಳಿಸಿದಳು. ಉತ್ತರ ಬಂತು. ಆ ಪರಾಗದ ಇಂಗಾಲದಲ್ಲಿ ಕಳೆದ ಶತಮಾನದ ಅಣುಬಾಂಬು ಪರೀಕ್ಷೆಗಳು ಗಾಳಿಯಲ್ಲಿ ಬಿಟ್ಟ ಗುರುತಿತ್ತು, ಅಂದರೆ ಅದು ಆಮೇಲಿನದ್ದು. ಸಾವಿರಾರು ವರ್ಷದ ಹಿಂದಿನ ರೈತ ಬೆಳೆದ ಎಳ್ಳಲ್ಲ. ಗುಂಡಿ ಬಾಯಿ ತೆರೆದು ಬಿದ್ದಿದ್ದ ಆ ಬೇಸಿಗೆಯಲ್ಲಿ, ಪಕ್ಕದ ಹೊಲದ ಹೂವಿಂದ ಒಂದು ಜೇನು ಹೊತ್ತು ತಂದದ್ದು.

ತಪ್ಪು ಯಾರದು? ದೂಳಮ್ಮ ತನಗೆ ತಾನು ಸುಳ್ಳು ಹೇಳಿಕೊಳ್ಳುವವಳಲ್ಲ. ತನ್ನದೇ. ಎಳ್ಳಿನ ಹೂವಿನ ಪರಾಗ ಗಾಳಿಗೆ ಹಾರುವುದಿಲ್ಲ, ಹುಳು ಹೊರಬೇಕು. ಅದು ಕೆರೆಯ ಕೆಸರಲ್ಲಿ ರಾಶಿ ಬಿದ್ದಿದೆಯೆಂದರೆ ಮೊದಲ ದಿನವೇ ಮೂಗಿಗೆ ವಾಸನೆ ಬಡಿಯಬೇಕಿತ್ತು. ನಾಲ್ಕು ಬೆರಳು ಕೆರೆದು ಸಾಕೆಂದುಕೊಂಡಳು. ಜೇನು ಅದಕ್ಕಿಂತ ಆಳಕ್ಕೆ ಹೋಗಿತ್ತು. ಆಕೆಯ ವಿದ್ಯಾರ್ಥಿ ಹೀಗೆ ಮಾಡಿದ್ದರೆ ಪ್ರಬಂಧ ವಾಪಸು ಕಳಿಸುತ್ತಿದ್ದಳು. ಒಂದು ಸಂಜೆಯೆಲ್ಲ ಆಕೆ ಆ ಡಬ್ಬಿಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು.

ಆಮೇಲೆ ನಿಧಾನವಾಗಿ ಇನ್ನೊಂದು ವಿಚಾರ ಹೊಳೆಯಿತು. ಈ ತಪ್ಪಿನ ಮೇಲೆ ತನ್ನ ಹೆಸರಿಲ್ಲ. ಕೆರೆದವನು ಲೇಖಕ, ತೆಗೆದವನು ಲೇಖಕ, ಎಣಿಸಿದವನು ಲೇಖಕ. ಅಚ್ಚಾಗಿದೆ. ಕದ್ದವನು ಮೂಟೆಯನ್ನು ಬಿಚ್ಚಿ ನೋಡದೆ ಹೊತ್ತೊಯ್ದಿದ್ದ, ಹುಳುಕೂ ಅದರ ಜೊತೆಗೇ ಹೋಗಿತ್ತು. ನಾದಿನಿಗೆ ಕೃತಜ್ಞತೆ ಹೇಳಿದ ಸಾಲು ಆಕೆಗೆ ಮೊದಲ ಬಾರಿಗೆ ಹಿತವಾಗಿ ಕಂಡಿತು. ಪ್ರಯೋಗಾಲಯದಲ್ಲಿ ನೆರವಾದವಳು ಗುಂಡಿಯಲ್ಲಿ ನಡೆದದ್ದಕ್ಕೆ ಹೊಣೆಯಾಗುವುದು ಹೇಗೆ?

ನಿಯತ್ತಿನ ದಾರಿ ಯಾವುದೆಂದು ಗೊತ್ತಿತ್ತು. ಭಾವನ ಕೋಣೆಯ ಬಾಗಿಲು ತಟ್ಟಿ, ಹೀಗಾಗಿದೆ, ಇಬ್ಬರೂ ಸೇರಿ ತಿದ್ದೋಣ ಎನ್ನುವುದು. ಆ ಬಾಗಿಲನ್ನು ಆಕೆ ಒಮ್ಮೆ ತಟ್ಟಿ ಆಗಿತ್ತು. ಇನ್ನೊಮ್ಮೆ ತಟ್ಟಲಿಲ್ಲ.

ಮುಂದಿನ ಸಪ್ತಾಹಕ್ಕೆ ದೊಡ್ಡ ಸುದ್ದಿಯಿತ್ತು. ವಿಜ್ಞಾನದವರೂ ಮಾನವಿಕದವರೂ ಒಂದೇ ಸೂರಿನಡಿ ಕೆಲಸ ಮಾಡುವ ಹೊಸ ಕೇಂದ್ರವೊಂದನ್ನು ವಿಶ್ವವಿದ್ಯಾಲಯ ತೆರೆಯಲಿತ್ತು. ಅದರ ನಿರ್ದೇಶಕ ಯಾರೆಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಮುಖ್ಯ ಉಪನ್ಯಾಸ ಭಾವನದು, ವಿಷಯ ಎಳ್ಳಿನ ಪದರ. ಉಪನ್ಯಾಸ ಮುಗಿದ ಮೇಲೆ ಕುಲಪತಿ ಹೆಸರು ಘೋಷಿಸುತ್ತಾರೆ ಎಂದು ಕ್ಯಾಂಟೀನಿನ ಅಡುಗೆಯವನಿಗೂ ತಿಳಿದಿತ್ತು.

ಅದಕ್ಕೆ ಹಿಂದಿನ ರಜೆಯ ದಿನ ಅಕ್ಕನ ಮನೆಯಲ್ಲಿ ಊಟ. ಭಾವ ಹುಮ್ಮಸ್ಸಿನಲ್ಲಿದ್ದರು. ಉಪನ್ಯಾಸದಲ್ಲಿ ಏನೇನು ಹೇಳುವುದೆಂದು ಅಕ್ಕನ ಮುಂದೆ ಒಪ್ಪಿಸುತ್ತಿದ್ದರು. ದೂಳಮ್ಮ ತಟ್ಟೆಯಿಂದ ತಲೆ ಎತ್ತದೆ, ಇವತ್ತಿನ ಹುಡುಗರಿಗೆ ಹೊಲದ ಕೆಲಸ ಗೊತ್ತಿಲ್ಲ, ಎಲ್ಲ ಕಂಪ್ಯೂಟರಿನ ಮುಂದೆ ಎಂದಳು. "ಗೋಡೆ ಹೇಗೆ ಕೆರೆದಿರಿ, ಮಣ್ಣು ಹೇಗೆ ತೆಗೆದಿರಿ, ಅದನ್ನ ಸ್ವಲ್ಪ ಬಿಡಿಸಿ ಹೇಳಿ ಭಾವ. ಮಕ್ಕಳು ಕಲಿಯಲಿ."

ಭಾವ ಅವಳನ್ನೇ ನೋಡಿದರು. ಆ ನೋಟದಲ್ಲಿ ಒಂದು ಕ್ಷಣ ಅನುಮಾನವಿತ್ತು. ಆಮೇಲೆ, ಪಾಪ, ಎಲ್ಲ ಮರೆತಿದ್ದಾಳೆ ಎಂಬ ಸಮಾಧಾನ ಮುಖದ ಮೇಲೆ ಹರಡಿತು. ಒಳ್ಳೆಯ ಸಲಹೆ ಎಂದು ಇನ್ನೊಂದು ಸೌಟು ಬಡಿಸಿಕೊಂಡರು. ಅಕ್ಕ ತಂಗಿಯ ಬೆನ್ನು ಸವರಿದಳು. ದೂಳಮ್ಮನಿಗೆ ಅದು ಸ್ವಲ್ಪ ಚುರುಕ್ಕೆಂದಿತು, ಆದರೂ ಊಟ ಪೂರ್ತಿ ಮುಗಿಸಿದಳು.

ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಕುಲಪತಿ, ಅವರ ಹಿಂದೆ ಅಕ್ಕ. ಭಾವ ಚೆನ್ನಾಗಿಯೇ ಮಾತಾಡಿದರು. ಮಾತಾಡಬೇಕಾದ್ದಕ್ಕಿಂತ ಹೆಚ್ಚೇ ಮಾತಾಡಿದರು. ವೇದಿಕೆಯ ಮೇಲೆ ಮೊಣಕಾಲು ಮಡಿಸಿ, ಇಲ್ಲದ ಕರಣೆ ಹಿಡಿದು, ಇಲ್ಲದ ಗೋಡೆ ಕೆರೆದು ತೋರಿಸಿದರು. ಬೆವರು ಹೇಗೆ ಕಣ್ಣಿಗಿಳಿಯುತ್ತಿತ್ತು, ಎಳ್ಳಿನ ಮೊದಲ ಪರಾಗ ಸೂಕ್ಷ್ಮದರ್ಶಕದಲ್ಲಿ ಕಂಡಾಗ ಎದೆ ಹೇಗೆ ಹೊಡೆದುಕೊಂಡಿತು ಎಂದೆಲ್ಲ ಬಣ್ಣಿಸಿದರು. ಆ ಎದೆ ತನ್ನದು ಎಂದು ದೂಳಮ್ಮನಿಗೆ ಗೊತ್ತಿತ್ತು. ಭಾವನಿಗೆ ತಾನೊಮ್ಮೆ ಹೇಳಿದ ಮಾತುಗಳನ್ನೇ ಅವರು ಒಂದಕ್ಷರ ಬಿಡದೆ ಹೇಳುತ್ತಿದ್ದರು. ಚಪ್ಪಾಳೆ ಬಿದ್ದಿತು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಆಕೆ ಎದ್ದು ನಿಂತಳು.

"ಗೋಡೆ ಎಷ್ಟು ಆಳ ಕೆರೆದಿರಿ, ಸರ್?"

ಮನೆಯ ಭಾವ ಸಭೆಯಲ್ಲಿ ಸರ್ ಆದದ್ದು ಕೇಳಿ ಒಂದಿಬ್ಬರು ನಕ್ಕರು. ಭಾವನೂ ನಕ್ಕು, ಒಂದು ಗೇಣು ಇರಬಹುದು ಎಂದರು. ಅವರಿಗೆ ಗೊತ್ತಿರಲಿಲ್ಲ. ಗೇಣೆಂದರೆ ಹೆಚ್ಚು ಎಚ್ಚರ ವಹಿಸಿದಂತೆ ಕಾಣುತ್ತದೆ ಎಂದುಕೊಂಡಿರಬೇಕು. ಅದಕ್ಕೆ ಮೊದಲು ಗುಂಡಿ ತೆರೆದು ಬಿದ್ದಿತ್ತೇ ಎಂದು ಆಕೆ ಕೇಳಿದಳು. ಹೌದು, ಒಂದು ಬೇಸಿಗೆ ಪೂರ್ತಿ, ಅನುದಾನದ ಕಥೆ ನಿಮಗೆಲ್ಲ ಗೊತ್ತಲ್ಲ ಎಂದು ಭಾವ ಕುಲಪತಿಯ ಕಡೆ ನೋಡಿ ಕಣ್ಣು ಮಿಟುಕಿಸಿದರು. ಮತ್ತೆ ನಗು. ಎಳ್ಳಿನ ಪರಾಗದ ಜೊತೆ ಸಿಕ್ಕಿದ ಪಾರದರ್ಶಕ ಚೂರುಗಳನ್ನು ನೀವೇ ನೋಡಿದಿರಲ್ಲವೇ ಎಂದು ಮೂರನೆಯ ಪ್ರಶ್ನೆ.

"ನಾನೇ ನೋಡಿದೆ. ಎಲೆಯ ಸಿಪ್ಪೆ."

"ಧನ್ಯವಾದ. ಒಂದು ಚಿತ್ರ ತೋರಿಸಬಹುದಾ?"

ಪರದೆಯ ಮೇಲೆ ಆ ಅರ್ಧ ಕೋಣೆ ಮೂಡಿತು, ಪಕ್ಕದಲ್ಲಿ ಕಾಲ ಪರೀಕ್ಷೆಯ ಫಲಿತಾಂಶ. ಆಕೆ ಹೆಚ್ಚು ವಿವರಿಸಲಿಲ್ಲ. ಈ ಹೆಂಟೆ ಎಳ್ಳಿನ ಪದರದ ಡಬ್ಬಿಯದು, ಈ ಪರಾಗ ನಮ್ಮ ಅಜ್ಜಿಯರ ಕಾಲಕ್ಕಿಂತ ಹಳೆಯದಲ್ಲ, ಈ ಪೊರೆಯನ್ನು ಗುರುತಿಸುವವರು ಸಭೆಯಲ್ಲೇ ಇದ್ದಾರೆ ಎಂದಳು, ಅಷ್ಟೆ. ಹಿಂದಿನ ಸಾಲಿನಲ್ಲಿ ಹುಳುಮೇಷ್ಟ್ರು ಆಗಲೇ ಎದ್ದು ನಿಂತಿದ್ದ. ಅವನಿಗೆ ಪೀಠವೂ ಗೊತ್ತಿಲ್ಲ, ಕೇಂದ್ರವೂ ಗೊತ್ತಿಲ್ಲ. ಬಹುಕಾಲದ ನೆಂಟನನ್ನು ಬಸ್ ನಿಲ್ದಾಣದಲ್ಲಿ ಕಂಡವನ ಹಾಗೆ, "ಅಯ್ಯೋ, ಇದು ನಮ್ಮ ಒಂಟಿಜೇನು! ಎಷ್ಟು ಚಂದ ಉಳಿದಿದೆ ನೋಡಿ" ಎಂದ.

ಈಗಿನ ನಗು ಬೇರೆಯದು. ಅದು ಸಾಲಿನಿಂದ ಸಾಲಿಗೆ ಹಬ್ಬಿ, ಮುಂದಿನ ಸಾಲಿನ ಹತ್ತಿರ ಬಂದು ನಿಂತಿತು. ಕುಲಪತಿ ನಗಲಿಲ್ಲ.

ಭಾವ ವೇದಿಕೆಯ ಮೇಲಿಂದ ಆಕೆಯನ್ನು ನೋಡಿದರು. ಬಾಯಿ ತೆರೆದರು. ಕೆರೆದವಳು ನೀನೇ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ಆಕೆಗೆ ಕಾಣಿಸಿತು. ಆ ಮಾತು ಆಡಿದರೆ ಏನಾಗುತ್ತದೆ ಎಂಬ ಲೆಕ್ಕ ಅವರ ಕಣ್ಣಿನಲ್ಲಿ ಓಡಿದ್ದೂ ಕಾಣಿಸಿತು. ಇಷ್ಟು ವರ್ಷ ಕಾದದ್ದು ಆ ಒಂದು ನೋಟಕ್ಕೆ. ಆಕೆ ಕಣ್ಣು ತೆಗೆಯಲಿಲ್ಲ. ಭಾವ ಬಾಯಿ ಮುಚ್ಚಿದರು. ನೀರು ಕುಡಿದು, ಪರಿಶೀಲಿಸುತ್ತೇನೆ ಎಂದರು. ಆ ದಿನ ಯಾವ ಹೆಸರೂ ಘೋಷಣೆಯಾಗಲಿಲ್ಲ.

ಎರಡು ದಿನ ಬಿಟ್ಟು ಭಾವ ಆಕೆಯ ಕೋಣೆಗೆ ಬಂದರು. ಸಸ್ಯವಿಜ್ಞಾನದ ಕಟ್ಟಡಕ್ಕೆ ಅವರು ಕಾಲಿಡದೆ ಎಷ್ಟೋ ಕಾಲವಾಗಿತ್ತು, ಬಾಗಿಲು ಯಾವ ಕಡೆ ತೆರೆಯುತ್ತದೆಂದೂ ತಿಳಿಯದೆ ಎಳೆದರು. ಆಕೆ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ಕುರ್ಚಿ ತೋರಿಸಿದಳು. ಅವರು ಕೂರಲಿಲ್ಲ. ಮೊದಲು ಸಿಟ್ಟು ಮಾಡಿದರು. ಮನೆಯ ವಿಷಯವನ್ನು ಬೀದಿಗೆ ತಂದೆ, ನನ್ನ ಹತ್ತಿರ ಒಂದು ಮಾತು ಹೇಳಬಹುದಿತ್ತು ಎಂದರು. ಹೇಳಿದ್ದೆ, ಬಹಳ ಹಿಂದೆ, ಬೇರೆ ವಿಷಯಕ್ಕೆ ಎಂದಳು ಆಕೆ. ಆಮೇಲೆ ಅವರ ದನಿ ಇಳಿಯಿತು. ಪರಿಶೀಲನಾ ಸಮಿತಿ ಆಗಿದೆ, ಲೇಖನವನ್ನು ಹಿಂತೆಗೆಯಲು ಹೇಳುತ್ತಾರೆ ಎಂದರು. ಬರುವಾಗಲೇ ಯೋಚಿಸಿಕೊಂಡು ಬಂದದ್ದನ್ನು ಕೊನೆಗೆ ಹೊರಗಿಟ್ಟರು.

"ಲೇಖನಕ್ಕೆ ನಿನ್ನ ಹೆಸರೂ ಸೇರಿಸೋಣ. ಹೊಲದ ಕೆಲಸ, ಎಣಿಕೆ ಎಲ್ಲಾ ನಿಂದೇ ಅಂತ ಬರೀತೀನಿ. ಬರೆಯುವಾಗ ಬಿಟ್ಟುಹೋಗಿತ್ತು ಅಂತ ಪತ್ರಿಕೆಯವರಿಗೆ ಹೇಳ್ತೀನಿ. ಆಮೇಲೆ ಇಬ್ಬರೂ ಸೇರಿ, ತಪ್ಪಾಯ್ತು ಅಂತ ತಿದ್ದೋಣ. ಇಬ್ಬರ ಮೇಲೆ ಹಂಚಿಹೋದರೆ ಭಾರ ಆಗಲ್ಲ."

ಆಕೆಗೆ ನಗು ಬಂತು, ತಡೆದಳು. ಆಕೆಯ ಹೊಟ್ಟೆ ಹಸಿದಾಗ ಬಾಗಿಲು ಹಾಕಿ ಉಂಡವರು ಹಳಸಿದ ಮೇಲೆ ಎಲೆ ಹಾಕಿ ಕರೆಯುತ್ತಿದ್ದರು.

"ಬೇಡ ಭಾವ. ಪೂರ್ತಿ ನಿಮ್ಮದೇ ಇರಲಿ."

"ಕೆರೆದವಳು ನೀನು. ನಾನು ಹೇಳಿಬಿಡ್ತೀನಿ."

"ಹೇಳಿ. ಹಾಗಾದರೆ ನಾನೇ ಕೆರೆದೆ ಅಂತ ಅಚ್ಚು ಹಾಕ್ಸಿದ್ದು ಯಾಕೆ ಅಂತ ಕೇಳ್ತಾರೆ. ಸಭೆಯಲ್ಲಿ ಮಂಡಿಯೂರಿ ತೋರ್ಸಿದ್ದು ಯಾಕೆ ಅಂತಾನೂ ಕೇಳ್ತಾರೆ. ದಡ್ಡ ಅನ್ನಿಸ್ಕೊಳ್ತೀರೋ, ಕಳ್ಳ ಅನ್ನಿಸ್ಕೊಳ್ತೀರೋ, ನೀವೇ ನೋಡಿ."

ಈಗ ಭಾವ ಕೂತರು. ಮೇಜಿನ ಮೇಲಿದ್ದ, ಸೂಕ್ಷ್ಮದರ್ಶಕದ ಖಾಲಿ ಗಾಜಿನ ತುಂಡೊಂದನ್ನು ಬೆರಳಲ್ಲಿ ತಿರುಗಿಸುತ್ತ, ಅಕ್ಕನ ಮುಖ ನೋಡಿಯಾದರೂ ಎಂದು ಶುರುಮಾಡಿದರು.

"ಇಷ್ಟು ವರ್ಷ ಅದನ್ನೇ ನೋಡಿದ್ದು ಭಾವ. ಇಲ್ಲದಿದ್ದರೆ ಅವತ್ತೇ ಎಲ್ಲರೆದುರು ಕೇಳ್ತಿದ್ದೆ."

ಅವರು ಎದ್ದು ಹೋದ ಮೇಲೆ ಆಕೆ ಆ ಗಾಜಿನ ತುಂಡನ್ನು ಒರೆಸಿ ಪೆಟ್ಟಿಗೆಗೆ ಹಾಕಿ, ಬಿಟ್ಟಲ್ಲಿಂದ ಎಣಿಕೆ ಮುಂದುವರಿಸಿದಳು.

ಭಾವ ದಡ್ಡನಾಗುವುದನ್ನೇ ಆರಿಸಿಕೊಂಡರು. "ಮಾದರಿ ತೆಗೆಯುವಾಗ ಲೇಖಕನಿಂದ ಆದ ಲೋಪದ ಕಾರಣ" ಲೇಖನವನ್ನು ಹಿಂತೆಗೆಯಲಾಗಿದೆ ಎಂಬ ನಾಲ್ಕು ಸಾಲಿನ ಪ್ರಕಟಣೆ ಪತ್ರಿಕೆಯಲ್ಲಿ ಬಂತು. ಹೊಸ ಕೇಂದ್ರಕ್ಕೆ ಉಪ್ಪಿನ ಬ್ಯಾಟರಿಯವರು ನಿರ್ದೇಶಕರಾದರು. ಪೀಠ ಉಳಿಯಿತು, ಆದರೆ ಭಾವ ಕ್ಯಾಂಟೀನಿಗೆ ಹೋಗುವುದನ್ನು ಬಿಟ್ಟರು. ಅಲ್ಲಿ ಯಾರಾದರೂ ಸುಮ್ಮನೆ ಗುಂಯ್ ಎಂದರೂ ಸಾಕು, ಮೇಜಿನ ಸುತ್ತ ಇದ್ದವರು ಕಪ್ಪಿನೊಳಗೆ ಮುಖ ಹುದುಗಿಸುತ್ತಿದ್ದರು. ದೂಳಮ್ಮನೂ ಹುಳುಮೇಷ್ಟ್ರೂ ಸೇರಿ ಒಂಟಿಜೇನು ಪುರಾತನ ಪದರಗಳನ್ನು ಹೇಗೆ ಕೆಡಿಸುತ್ತದೆ ಎಂದು ಬರೆದ ಲೇಖನ ಒಳ್ಳೆಯ ಹೆಸರು ತಂದಿತು. ಅದರಲ್ಲಿ ಆಕೆ ಒಂದೂ ಸುಳ್ಳು ಬರೆಯಲಿಲ್ಲ. ಗೋಡೆ ಕೆರೆದವರು ಯಾರೆಂದು ಬರೆಯಲೇ ಇಲ್ಲ. ಆದರೆ ಭಾವನ ನಾಲ್ಕು ಸಾಲಿನ ಪ್ರಕಟಣೆಯನ್ನು ಮಾತ್ರ ಎರಡು ಸಲ ಓದಿದಳು. ವಿದ್ಯಾರ್ಥಿಗಳ ಪ್ರಬಂಧದಲ್ಲಿ ಒಂದು ಅಂಕಿ ಹೆಚ್ಚುಕಮ್ಮಿಯಾದರೆ ಕೆಂಪು ಶಾಯಿ ಸುರಿಯುವವಳು ಆಕೆ. ಲೇಖಕನಿಂದ ಆದ ಲೋಪ ಎಂಬುದು ತಪ್ಪು ಮಾಹಿತಿ ಎಂದು ಗೊತ್ತಿದ್ದೂ ಪುಟ ಮಗುಚಿದಳು.

ಅಕ್ಕನಿಂದ ಫೋನು ಬರಲಿಲ್ಲ, ಊಟಕ್ಕೆ ಕರೆಯೂ ಬರಲಿಲ್ಲ. ದೂಳಮ್ಮನೂ ಮಾಡಲಿಲ್ಲ. ಹೀಗಿರುವಾಗ ದವಡೆಯ ಹಲ್ಲೊಂದು ಮುರಿದು, ನೋವು ಕಿವಿಯವರೆಗೆ ಏರಿತು. ಇಲ್ಲಿಯವರೆಗೆ ಅವಳ ಬಾಯಿಗೆ ಕೈ ಹಾಕಿದ ಡಾಕ್ಟರು ಅಕ್ಕ ಒಬ್ಬಳೇ. ಬೇರೆಯವರ ಹತ್ತಿರ ಹೋಗುವುದೆಂದರೆ ಏನೋ ತಪ್ಪು ಒಪ್ಪಿಕೊಂಡ ಹಾಗೆ. ಆಕೆ ಕ್ಲಿನಿಕ್ಕಿಗೆ ಹೋಗಿ, ಉಳಿದ ರೋಗಿಗಳ ಜೊತೆ ಬೆಂಚಿನ ಮೇಲೆ ಕೂತು, ಸರದಿ ಬಂದಾಗ ಒಳಗೆ ಹೋದಳು.

ಅಕ್ಕ ಕುರ್ಚಿ ಹಿಂದಕ್ಕೆ ವಾಲಿಸಿ ದೀಪ ಹಾಕಿದಳು. ಬಾಯಿ ತೆರೆ ಎಂದಳು. ಸಣ್ಣ ಕನ್ನಡಿ ಒಳಗಿಟ್ಟು ಬಹಳ ಹೊತ್ತು ನೋಡಿದಳು. ಮುಖಕ್ಕೆ ಮುಖವಾಡ, ಕಣ್ಣಿಗೆ ಕನ್ನಡಕ. ಅಕ್ಕನ ಮುಖದಲ್ಲಿ ಏನಿದೆಯೆಂದು ಕಾಣುತ್ತಿರಲಿಲ್ಲ.

"ಹಲ್ಲು ಕಡಿದು ಕಡಿದು ಎಲ್ಲಾ ಸವೆಸಿಟ್ಟಿದ್ದೀಯ" ಎಂದಳು. "ಇದು ಒಂದು ದಿನದ್ದಲ್ಲ. ನಮ್ಮನೇಲಿ ಉಣ್ಣೋವಾಗಲೂ ಇದೇ ಮಾಡ್ತಿದ್ದೆ ಅನ್ಸುತ್ತೆ."

ಬಾಯಲ್ಲಿ ಕನ್ನಡಿ, ಹತ್ತಿ, ನೀರೆಳೆಯುವ ಕೊಳವೆ. ಅಕ್ಕ ಸೂಜಿ ಚುಚ್ಚಿ ದವಡೆ ಮರಗಟ್ಟಿಸಿದಳು, ಯಂತ್ರ ಹಿಡಿದು ಹಲ್ಲು ಕೊರೆದಳು. ಕೊರೆಯುವ ಸದ್ದು ನಿಂತಾಗ ಮಾತ್ರ ಮಾತಾಡಿದಳು. ಗಂಡ ಮನೆಯಲ್ಲಿ ಕಿಟಕಿಯ ಪಕ್ಕ ಕೂತರೆ ಏಳುವುದಿಲ್ಲ ಎಂದಳು. ಅವರು ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ, ಆ ಲೇಖನ ಬಂದಾಗಲೇ ಜಗಳ ಆಡಿದ್ದೆ, ನಿನಗೆ ಹೇಳಿದರೆ ಬೆಂಕಿಗೆ ತುಪ್ಪ ಎಂದು ಸುಮ್ಮನಿದ್ದೆ ಎಂದಳು. ಆಮೇಲೆ ಹಲ್ಲಿನ ಗುಳಿಯನ್ನು ತುಂಬಿ, ಒತ್ತಿ, ನುಣುಪು ಮಾಡಿ, ಹೆಚ್ಚಾದದ್ದನ್ನು ಒರೆಸಿ ತೆಗೆದಳು. ಅವಳ ಕೈ ಯಾವತ್ತಿನ ಹಾಗೆಯೇ ಹಗುರವಾಗಿತ್ತು. ಎಲ್ಲೂ ಒಂದಿಷ್ಟು ಹೆಚ್ಚು ನೋಯಿಸಲಿಲ್ಲ. ನೋಯಿಸಿದ್ದರೆ ಚೆನ್ನಾಗಿತ್ತು ಎಂದು ದೂಳಮ್ಮನಿಗೆ ಅನ್ನಿಸಿತು.

ಹತ್ತಿ, ಕೊಳವೆ ಎಲ್ಲ ಹೊರಗೆ ತೆಗೆದು ಅಕ್ಕ ಮುಖವಾಡ ಕೆಳಗೆ ಎಳೆದಳು.

"ಅವರು ಹೇಳ್ತಾರೆ ಅಂತ ನಾನು ನಂಬಲ್ಲ. ನೀನು ಹೇಳು. ಆ ಗೋಡೆ ಕೆರೆದದ್ದು ಯಾರು?"

ಬೇರೆ ಯಾರಾದರೂ ಕೇಳಿದ್ದರೆ ಆಕೆಗೆ ಉತ್ತರ ಸಿದ್ಧವಿತ್ತು. ಅಚ್ಚಾದದ್ದನ್ನು ಓದಿಕೊಳ್ಳಿ ಎಂದರೆ ಮುಗಿಯುತ್ತಿತ್ತು. ದವಡೆ ಮರಗಟ್ಟಿ ತುಟಿ ಅರ್ಧ ಸೊಟ್ಟಗಾಗಿತ್ತು, ಮಾತು ಸರಿಯಾಗಿ ಹೊರಳುತ್ತಿರಲಿಲ್ಲ.

"ನಾನು" ಎಂದಳು.

ಅಕ್ಕ ತಲೆಯಾಡಿಸಿದಳು. ತನಗೆ ತಿಳಿದದ್ದನ್ನೇ ಇನ್ನೊಮ್ಮೆ ಪರೀಕ್ಷಿಸಿ ನೋಡಿದವರ ಹಾಗೆ. ಕೈಗವಸು ಕಳಚಿ ಬುಟ್ಟಿಗೆ ಹಾಕಿದಳು.

"ನಾನು ಯಾರಿಗೂ ಹೇಳಲ್ಲ. ಹೇಳಿದರೆ ಅವರದ್ದು ಇನ್ನೂ ಹಾಳಾಗುತ್ತೆ, ಅದು ನಿಂಗೂ ಗೊತ್ತು, ಅದಕ್ಕೇ ಧೈರ್ಯ ನಿಂಗೆ. ಎರಡು ಗಂಟೆ ಏನೂ ತಿನ್ನಬೇಡ. ಇನ್ನು ಮೇಲೆ ಬೇರೆ ಡಾಕ್ಟರನ್ನ ನೋಡ್ಕೋ."

"ಅಕ್ಕಾ, ಪಶ್ಚಾತ್ತಾಪ ಪಡು ಅಂದ್ರೆ ನನ್ನಿಂದ ಆಗಲ್ಲ."

"ಪಡು ಅಂತ ನಾನೆಲ್ಲಿ ಹೇಳಿದೆ? ಬಾಯಿ ತೊಳ್ಕೋ. ಹೊರಗೆ ಜನ ಕಾಯ್ತಿದ್ದಾರೆ."

ದೂಳಮ್ಮ ಪಕ್ಕದ ಲೋಟದ ನೀರನ್ನು ಬಾಯಿಗೆ ಹಾಕಿಕೊಂಡಳು. ಮರಗಟ್ಟಿದ ತುಟಿಯ ಕಡೆಯಿಂದ ಅರ್ಧ ನೀರು ಅವಳಿಗೆ ಗೊತ್ತಾಗದೆಯೇ ಗಲ್ಲಕ್ಕೆ ಇಳಿದು, ಕುತ್ತಿಗೆಯ ಮೇಲಿಂದ ಬಟ್ಟೆಯೊಳಗೆ ಹೋಯಿತು. ಅಕ್ಕ ಅದನ್ನು ನೋಡಿದಳು, ಒರೆಸಲು ಬರಲಿಲ್ಲ. ಬಾಗಿಲು ತೆರೆದು ಮುಂದಿನವರನ್ನು ಕರೆದಳು.